ನಿನ್ನೆ ನನ್ನ ಇರುವೆಗಳನ್ನು ಫ್ರಿಜ್‌ನಲ್ಲಿಟ್ಟೆ

ಕೇಳಿದವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ಕಳೆದ ವರ್ಷ ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ನಾನು ಸಾಕಿರುವ ಈ ಇರುವೆಗಳನ್ನು ಚಳಿಗಾಲ ಪೂರ್ತಿ ಬೆಚ್ಚಗಿನ ಕೋಣೆಯಲ್ಲೇ ಇಟ್ಟುಕೊಂಡೆ. ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸಿದಳು, ಮರಿಹುಳುಗಳು ಬೆಳೆಯದೆ ಹಾಗೇ ಉಳಿದವು, ಕೆಲಸಗಾರ ಇರುವೆಗಳು ಒಂದೊಂದಾಗಿ ಸಾಯುತ್ತಾ ಬಂದು ಕೊನೆಗೆ ಆರೇ ಆರು ಉಳಿದವು. ರಾಣಿ ಬದುಕಿದ್ದೇ ದೊಡ್ಡದು. ಈಗ ಅವಳ ಜೊತೆ ಸುಮಾರು 70 ಇರುವೆಗಳಿವೆ. ಈ ಸಲ ಅದೇ ತಪ್ಪು ಆಗಬಾರದು ಅಂತ ಎರಡು ತಿಂಗಳ ಮೊದಲೇ ತಯಾರಿ ಶುರು ಮಾಡಿದೆ.

ಇವು ಲೇಸಿಯಸ್ ನೈಜರ್ ಅನ್ನುವ ಕಪ್ಪಿರುವೆಗಳು. ಯುರೋಪಿನ ತೋಟಗಳಲ್ಲಿ ಕಲ್ಲಿನಡಿ, ಮಣ್ಣಿನಡಿ ಗೂಡು ಮಾಡುತ್ತವೆ. ಚಳಿಗಾಲದ ನಿದ್ದೆ ಇವುಗಳ ಮೈಯಲ್ಲೇ ಇದೆ. ಈ ಜಾತಿಯ ರಾಣಿಯೊಬ್ಬಳು ಸಾಕಿದವರ ಹತ್ತಿರ 28 ವರ್ಷಕ್ಕೂ ಜಾಸ್ತಿ ಬದುಕಿದ ದಾಖಲೆ ಇದೆ. ಅಷ್ಟು ದೂರ ಹೋಗಬೇಕಾದವಳನ್ನು ಎರಡನೇ ವರ್ಷಕ್ಕೇ ಸುಸ್ತು ಮಾಡುವುದು ಅನ್ಯಾಯ ಅಲ್ವಾ? ಆದರೆ ಎಲ್ಲ ಇರುವೆಗಳಿಗೂ ಇದು ಬೇಕಿಲ್ಲ. ಉಷ್ಣವಲಯದ ಜಾತಿಗಳನ್ನು ಹೀಗೆ ಚಳಿಗಿಟ್ಟರೆ ಸತ್ತೇ ಹೋಗುತ್ತವೆ.

ಸೆಪ್ಟೆಂಬರ್ ಕೊನೆಗೆ ಅವೇ ಸೂಚನೆ ಕೊಟ್ಟವು. ಹುಳದ ತುಂಡು ಇಟ್ಟರೆ ಮೂಸಿ ನೋಡಿ ಹೋಗುತ್ತಿದ್ದವು. ಅದು ಹೆಚ್ಚಾಗಿ ಮರಿಗಳಿಗೆ ಬೇಕಾದ ಊಟ, ಮರಿಗಳ ಬೆಳವಣಿಗೆಯೇ ನಿಂತ ಮೇಲೆ ಯಾರಿಗೆ ಬೇಕು? ಸಕ್ಕರೆ ನೀರಿಗೆ ಮಾತ್ರ ಮುಗಿಬಿದ್ದವು. ಒಂದೊಂದರ ಹೊಟ್ಟೆಯೂ ಎಷ್ಟು ಉಬ್ಬಿತ್ತೆಂದರೆ ಕಪ್ಪು ಪಟ್ಟಿಗಳ ನಡುವಿನ ತೆಳು ಚರ್ಮ ಹಿಗ್ಗಿ, ಬೆಳಕಿಗೆ ಹಿಡಿದರೆ ಜೇನಿನ ಬಣ್ಣದ ಗೆರೆಗಳು ಕಾಣುತ್ತಿದ್ದವು.

ನನ್ನ ದೊಡ್ಡ ಚಿಂತೆ ನೀರಿನದ್ದು. ಚಳಿಯಲ್ಲಿ ಊಟ ಬೇಕಾಗುವುದಿಲ್ಲ, ನೀರು ಬೇಕೇ ಬೇಕು. ಇವುಗಳ ಗೂಡೇ ಒಂದು ಟೆಸ್ಟ್ ಟ್ಯೂಬು, ತುದಿಯಲ್ಲಿ ನೀರು, ಅದನ್ನು ತಡೆಯಲು ಹತ್ತಿ. ಆ ಹಳೆ ಟ್ಯೂಬಿನಲ್ಲಿ ಹತ್ತಿಯ ಹಿಂದೆ ಒಂದು ಬೆರಳಿನಷ್ಟು ನೀರೂ ಉಳಿದಿರಲಿಲ್ಲ, ಹತ್ತಿಯೂ ಹಳದಿಯಾಗಿತ್ತು. ಹೊಸ ಟ್ಯೂಬಿಗೆ ಅರ್ಧ ನೀರು ತುಂಬಿ, ಹತ್ತಿ ಒತ್ತಿ, ಎರಡರ ಬಾಯನ್ನೂ ಸೇರಿಸಿ ಟೇಪ್ ಸುತ್ತಿದೆ. ಹೊಸದನ್ನು ಫಾಯಿಲ್‌ನಲ್ಲಿ ಮುಚ್ಚಿ ಕತ್ತಲು ಮಾಡಿ, ಹಳೆಯದನ್ನು ಬೆಳಕಿಗೆ ಬಿಟ್ಟೆ. ಮೂರು ದಿನ ಒಂದೂ ಅಲುಗಲಿಲ್ಲ. ತಟ್ಟಿ ಓಡಿಸಿಬಿಡೋಣ ಅನ್ನಿಸಿತು, ಕೈ ಕಟ್ಟಿಕೊಂಡು ಕೂತೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಸಾಲು ಹೊರಟಿದೆ! ಪ್ರತಿಯೊಂದರ ಬಾಯಲ್ಲೂ ಅಕ್ಕಿ ನುಚ್ಚಿನಂಥ ಒಂದು ಮರಿ. ಒಂದು ಇರುವೆ ಮರಿ ಇಟ್ಟು ವಾಪಸ್ ಬಂದು ಅರ್ಧ ದಾರಿಯಲ್ಲಿ ನಿಂತು ಮೀಸೆ ಒರೆಸಿಕೊಂಡು ಮತ್ತೆ ಹೋಯಿತು. ರಾಣಿ ಬಂದದ್ದು ಮಧ್ಯಾಹ್ನ, ಎಲ್ಲ ಮರಿಗಳೂ ದಾಟಿದ ಮೇಲೆ.

ಚಳಿಯನ್ನು ಒಮ್ಮೆಲೇ ಕೊಡಬಾರದು. ಮೊದಲು 18 ಡಿಗ್ರಿ ಇರುವ ಕಿಟಕಿ ಪಕ್ಕ, ಆಮೇಲೆ 12 ಡಿಗ್ರಿಯ ಮೆಟ್ಟಿಲಿನ ಕೆಳಗೆ. ಹೀಗೆ ಸುಮಾರು ಒಂದು ತಿಂಗಳು. ದಿನ ಕಳೆದಂತೆ ನಡಿಗೆ ನಿಧಾನವಾಗಿ, ಎಲ್ಲವೂ ರಾಣಿಯ ಸುತ್ತ ಒಂದೇ ಗುಡ್ಡೆಯಾದವು.

ನಿನ್ನೆ ಟ್ಯೂಬನ್ನು ಟವೆಲ್‌ನಲ್ಲಿ ಸುತ್ತಿ, ಗಾಳಿಗೆ ತೂತು ಮಾಡಿದ ಡಬ್ಬಿಯಲ್ಲಿಟ್ಟು, ತರಕಾರಿ ಡ್ರಾಯರಿನ ಮೂಲೆಗೆ ಸೇರಿಸಿದೆ. ಬಾಗಿಲಲ್ಲಿ ಇಟ್ಟರೆ ತೆಗೆದಾಗಲೆಲ್ಲ ಅಲುಗುತ್ತದೆ. ಥರ್ಮಾಮೀಟರ್ 6 ಡಿಗ್ರಿ ತೋರಿಸುತ್ತಿತ್ತು. ಮುಚ್ಚುವ ಮೊದಲು ಕೆಂಪು ಬೆಳಕಲ್ಲಿ ಒಮ್ಮೆ ನೋಡಿದೆ. ಮರಿಗಳು ನಡುವೆ, ಮೇಲೆ ರಾಣಿ. ಅಂಚಿನಲ್ಲಿದ್ದ ಒಂದು ಇರುವೆ ಒಂದೇ ಒಂದು ಮೀಸೆಯನ್ನು ಮೆಲ್ಲಗೆ ಎತ್ತಿ ಇಳಿಸಿತು.

ಇನ್ನು ಮಾರ್ಚ್‌ವರೆಗೆ ಎರಡು ವಾರಕ್ಕೊಮ್ಮೆ ನೀರು ನೋಡುವುದಷ್ಟೇ ನನ್ನ ಕೆಲಸ.