ಮೇಲೆ ಅಷ್ಟು ಚಳಿಯಿರುವಾಗ ವಿಮಾನದ ಬ್ಯಾಟರಿ ಏಕೆ ಬಿಸಿಯಾಗಬೇಕು?

ವಿದ್ಯುತ್ ವಿಮಾನಗಳ ಬ್ಯಾಟರಿ ನನ್ನ ಕೆಲಸ ಎಂದು ತಿಳಿದೊಡನೆ ಜನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕಾಲೇಜುಗಳಿಗೆ ಮಾತನಾಡಲು ಹೋದಾಗ ವಿದ್ಯಾರ್ಥಿಗಳು ಕೇಳಿದ್ದಾರೆ, ರೈಲಿನಲ್ಲಿ ಎದುರು ಕುಳಿತವರು ಕೇಳಿದ್ದಾರೆ. ಮೊನ್ನೆ ಮದುವೆ ಮನೆಯಲ್ಲಿ ಸೋದರಮಾವ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದರು: “ಮೇಲೆ ಹೋದಷ್ಟೂ ಚಳಿ ಅಲ್ಲವೇನಪ್ಪ? ಆ ಗಾಳಿಯನ್ನೇ ಒಳಗೆ ಬಿಟ್ಟರೆ ಬ್ಯಾಟರಿ ತಾನಾಗಿಯೇ ತಣ್ಣಗಾಗುವುದಿಲ್ಲವೇ? ಪಂಪು, ಪೈಪು ಇವೆಲ್ಲ ಏಕೆ ಬೇಕು?”

ಪ್ರಶ್ನೆ ನ್ಯಾಯವಾದದ್ದೇ. ಸಮುದ್ರ ಮಟ್ಟದಿಂದ ಮೇಲೇರಿದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಂತೆ ಉಷ್ಣಾಂಶ ಇಳಿಯುತ್ತದೆ. ದೊಡ್ಡ ಜೆಟ್ ವಿಮಾನ ಹಾರುವ 11 ಕಿಲೋಮೀಟರ್ ಎತ್ತರದಲ್ಲಿ ಅದು ಸೊನ್ನೆಗಿಂತ 56 ಡಿಗ್ರಿ ಕೆಳಗಿರುತ್ತದೆ. ಆದರೆ ಇಂದು ಹಾರುತ್ತಿರುವ ವಿದ್ಯುತ್ ವಿಮಾನಗಳು ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ.

ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೋ ವಿಮಾನವನ್ನೇ ನೋಡಿ. ಪೂರ್ತಿ ಬ್ಯಾಟರಿಯಿಂದಲೇ ಹಾರುವ ವಿಮಾನವೊಂದಕ್ಕೆ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಮೊದಲ ಬಾರಿ ಮಾನ್ಯತೆ ಕೊಟ್ಟದ್ದು 2020ರ ಜೂನ್‌ನಲ್ಲಿ, ಇದಕ್ಕೇ. ಪೈಲಟ್ ತರಬೇತಿಗೆಂದು ಮಾಡಿದ ಎರಡು ಸೀಟಿನ ವಿಮಾನ. ಹಾರುವಾಗಿನ ಗರಿಷ್ಠ ತೂಕ 600 ಕಿಲೋ. ಒಂದು ಬ್ಯಾಟರಿ ಮೂತಿಯಲ್ಲಿದೆ, ಇನ್ನೊಂದು ಸೀಟುಗಳ ಹಿಂದೆ. ಎರಡೂ ಸೇರಿ ಸುಮಾರು 140 ಕಿಲೋ. ತರಬೇತಿ ವಿಮಾನದ ದಿನಚರಿ ಎಂದರೆ ರನ್‌ವೇಯಿಂದ ಏರುವುದು, ಸುಮಾರು 300 ಮೀಟರ್ ಎತ್ತರದಲ್ಲಿ ಒಂದು ಸುತ್ತು ಹಾಕುವುದು, ಇಳಿಯುವುದು, ಮತ್ತೆ ಏರುವುದು. 300 ಮೀಟರ್ ಮೇಲೆ ಸಿಗುವ ಚಳಿ ಎರಡೇ ಡಿಗ್ರಿ.

ಹಾಗಾದರೆ ಬಿಸಿ ಎಷ್ಟು ಹುಟ್ಟುತ್ತದೆ? ಒಂದು ಕೈಲೆಕ್ಕ ಹಾಕೋಣ. ಏರುವಾಗ ವೆಲಿಸ್‌ನ ಮೋಟರ್ ಸುಮಾರು 57 ಕಿಲೋವ್ಯಾಟ್ ಕೇಳುತ್ತದೆ. ನೂರು ಪಾಲಿಗೆ ಐದು ಪಾಲು ಬ್ಯಾಟರಿಯೊಳಗೇ ಬಿಸಿಯಾಗಿ ಉಳಿಯಿತು ಎಂದುಕೊಂಡರೂ ಅದು ಸುಮಾರು 3 ಕಿಲೋವ್ಯಾಟ್. ಬಚ್ಚಲುಮನೆಯ ಇನ್‌ಸ್ಟಂಟ್ ಗೀಸರ್ ಎಳೆಯುವುದು ಅಷ್ಟನ್ನೇ. ತಣಿಸುವ ಏರ್ಪಾಡು ಇಲ್ಲದಿದ್ದರೆ 140 ಕಿಲೋ ಬ್ಯಾಟರಿ ನಿಮಿಷಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಕಾಯುತ್ತದೆ. ನೇರವಾಗಿ ಹಾರುವಾಗ ಇಷ್ಟು ತೊಂದರೆಯಿಲ್ಲ. ಕರೆಂಟು ಅರ್ಧಕ್ಕೆ ಇಳಿದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ತರಬೇತಿಯಲ್ಲಿ ಏರುವುದೇ ಮತ್ತೆ ಮತ್ತೆ.

ಇನ್ನು ಆ ಬಿಸಿಯನ್ನು ಹೊರಗೆ ತರುವ ಮಾತು. ರಾಗಿ ಮುದ್ದೆ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಮುಟ್ಟಿ ನೋಡಿ ಆರಿದೆ ಎಂದು ಮುರಿದರೆ ಒಳಗೆ ಕೈ ಸುಡುತ್ತದೆ. ಬ್ಯಾಟರಿಯೊಳಗಿನ ಒಂದೊಂದು ಲಿಥಿಯಂ ಸೆಲ್ ಕೂಡ ಹಾಗೆಯೇ. ಚಾಪೆ ಸುತ್ತಿದಂತೆ ತೆಳು ಹಾಳೆಗಳನ್ನು ಸುತ್ತಿ ಮಾಡಿದ್ದು ಅದು. ಹಾಳೆಯ ಉದ್ದಕ್ಕೆ ಕಾವು ಸಲೀಸಾಗಿ ಹರಿಯುತ್ತದೆ, ಹಾಳೆಯಿಂದ ಹಾಳೆಗೆ ದಾಟಲು ಮಾತ್ರ ತಿಣುಕುತ್ತದೆ. ಹೆಬ್ಬೆರಳು ಗಾತ್ರದ ಒಂದು ಸೆಲ್‌ನ ನಡುವಿಗೆ ಉಷ್ಣಾಂಶ ಅಳೆಯುವ ಕೂದಲೆಳೆಯಂತಹ ತಂತಿ ಇಳಿಸಿ, ಇನ್ನೊಂದನ್ನು ಮೈಗೆ ಅಂಟಿಸಿ, ಜೋರಾಗಿ ಕರೆಂಟು ಎಳೆದು ನೋಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮೈ 38 ಡಿಗ್ರಿ ತೋರಿಸುತ್ತಿದ್ದಾಗ ನಡು 46ರಲ್ಲಿತ್ತು. ಹೊರಗಿನ ಫ್ಯಾನನ್ನು ಇನ್ನಷ್ಟು ಜೋರು ಮಾಡಿದೆ. ಮೈ ಬೇಗ ತಣ್ಣಗಾಯಿತು, ನಡು ಅಲ್ಲಾಡಲಿಲ್ಲ. ಮೈಯ ಸುತ್ತ ಗಾಳಿ ಊದುವುದಕ್ಕಿಂತ ಸೆಲ್‌ನ ಬುಡದಿಂದ ಕಾವನ್ನು ಎಳೆಯುವುದು ಏಕೆ ಮೇಲು ಎಂದು ಆ ದಿನ ಕಣ್ಣಾರೆ ಕಂಡೆ.

ಮಾವ ಅಲ್ಲಿಗೆ ಬಿಡಲಿಲ್ಲ. “ಪೆಟ್ರೋಲ್ ಎಂಜಿನ್ ಇದಕ್ಕಿಂತ ಹೆಚ್ಚು ಬಿಸಿಯಾಗುತ್ತದಲ್ಲ?” ಎಂದರು. ಹೌದು, ಬಹಳ ಹೆಚ್ಚು. ಅದರ ಬಿಸಿಯ ದೊಡ್ಡ ಪಾಲು ಹೊಗೆಕೊಳವೆಯಿಂದ ತಾನಾಗಿಯೇ ಹೊರಗೆ ಹೋಗುತ್ತದೆ. ಉಳಿದದ್ದನ್ನು ಕಳೆಯುವುದೂ ಸುಲಭ. ಎಂಜಿನ್ ಸುತ್ತಿನ ನೀರು 90 ಡಿಗ್ರಿಯಲ್ಲಿದ್ದು ಹೊರಗಿನ ಗಾಳಿ 30ರಲ್ಲಿದ್ದರೆ ನಡುವೆ 60 ಡಿಗ್ರಿ ಅಂತರ, ಚಿಕ್ಕ ರೇಡಿಯೇಟರ್ ಸಾಕು. ಬ್ಯಾಟರಿಯನ್ನು 40-45 ಡಿಗ್ರಿಯೊಳಗೆ ಇಡಬೇಕು, ಇಲ್ಲದಿದ್ದರೆ ಅದರ ಆಯಸ್ಸು ಕರಗುತ್ತದೆ. ಹೊರಗೆ 30 ಇದ್ದರೆ ಅಂತರ ಹತ್ತು ಹದಿನೈದು ಡಿಗ್ರಿ ಮಾತ್ರ. ಬಿಸಿ ಕಡಿಮೆ ನಿಜ, ಅದನ್ನು ತಳ್ಳುವ ಬಲ ಇನ್ನೂ ಕಡಿಮೆ. ರೇಡಿಯೇಟರ್ ದೊಡ್ಡದು ಮಾಡಿದರೆ ತೂಕ ಏರುತ್ತದೆ, ಗಾಳಿಗೆ ತಡೆಯೂ ಏರುತ್ತದೆ, ಆ ತಡೆಯನ್ನು ಮೀರಲು ಮತ್ತೆ ಬ್ಯಾಟರಿಯಿಂದಲೇ ಎಳೆಯಬೇಕು. 600 ಕಿಲೋ ವಿಮಾನದಲ್ಲಿ ನಾಲ್ಕು ಕಿಲೋ ಕೂಲಂಟ್, ಅಂದರೆ ಕಾವು ಹೊತ್ತೊಯ್ಯುವ ದ್ರವ, ಸೇರಿಸಿ ಎಂದು ಕೇಳುವಾಗ ನನಗೆ ಇಂದಿಗೂ ಎದೆ ಭಾರವಾಗುತ್ತದೆ.

ನೆಟ್ಟಗೆ ಮೇಲೇರಿ ನೆಟ್ಟಗೆ ಇಳಿಯುವ ಏರ್ ಟ್ಯಾಕ್ಸಿಗಳಲ್ಲಿ ಅತಿ ಕಷ್ಟದ ಗಳಿಗೆ ಬರುವುದು ಕೊನೆಯಲ್ಲಿ. ಇಳಿಯುವಾಗ ಗಾಳಿಯಲ್ಲಿ ನಿಲ್ಲಬೇಕು, ಅದಕ್ಕೆ ಏರುವಾಗಿನಷ್ಟೇ ಶಕ್ತಿ ಬೇಕು. ಅಷ್ಟರಲ್ಲಿ ಬ್ಯಾಟರಿ ಬರಿದಾಗುತ್ತಾ ಬಂದಿರುತ್ತದೆ. ವೋಲ್ಟೇಜ್ ಇಳಿದಿರುವುದರಿಂದ ಅಷ್ಟೇ ಶಕ್ತಿಗೆ ಹೆಚ್ಚು ಕರೆಂಟು ಎಳೆಯಬೇಕಾಗುತ್ತದೆ, ಒಳಗಿನ ತಡೆಯೂ ಹೆಚ್ಚಿರುತ್ತದೆ. ಮುಂದಕ್ಕೆ ವೇಗವಿಲ್ಲದ್ದರಿಂದ ರೇಡಿಯೇಟರಿಗೆ ಎದುರುಗಾಳಿಯೂ ಇಲ್ಲ. ಕಾರಾದರೆ ರಸ್ತೆಬದಿಗೆ ನಿಲ್ಲಿಸಿ ಆರಲು ಬಿಡಬಹುದು.

ಬಿಸಿ ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ವಿಮಾನಲೋಕ 2013ರ ಜನವರಿಯಲ್ಲಿ ನೋಡಿತು. ಬಾಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 787 ಒಂದರ ಸಹಾಯಕ ಬ್ಯಾಟರಿಗೆ ಬೆಂಕಿ ಹತ್ತಿತು. ಒಂಬತ್ತು ದಿನಗಳ ನಂತರ ಜಪಾನಿನ ತಕಮತ್ಸುವಿನಲ್ಲಿ ಇನ್ನೊಂದು 787 ತುರ್ತಾಗಿ ಇಳಿಯಿತು. ಅವು ವಿಮಾನವನ್ನು ಹಾರಿಸುವ ಬ್ಯಾಟರಿಗಳಲ್ಲ, ಎಂಟೆಂಟು ಸೆಲ್‌ಗಳ ಪೆಟ್ಟಿಗೆಗಳು ಮಾತ್ರ. ಆದರೂ ಜಗತ್ತಿನ ಎಲ್ಲ 787ಗಳೂ ತಿಂಗಳುಗಟ್ಟಲೆ ನೆಲದಲ್ಲೇ ಉಳಿದವು. ಒಂದು ಸೆಲ್‌ನಲ್ಲಿ ಕಾವು ಹತೋಟಿ ತಪ್ಪಿದರೆ ಒಳಗಿನ ರಸಾಯನವೇ ಇನ್ನಷ್ಟು ಕಾವು ಹುಟ್ಟಿಸುತ್ತದೆ, ಅದು ಪಕ್ಕದ ಸೆಲ್‌ಗೆ ದಾಟುತ್ತದೆ. ಮತ್ತೆ ಹಾರಲು ಬಿಡುವ ಮುನ್ನ ಸೆಲ್‌ಗಳ ನಡುವೆ ತಡೆ ಹಾಕಿದರು, ಇಡೀ ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಹೊಗೆ ಹೊರಗೆ ಹೋಗಲು ಕೊಳವೆ ಇಟ್ಟರು. ನಾಸಾದ ಎಕ್ಸ್-57 ಎಂಬ ಪ್ರಾಯೋಗಿಕ ವಿದ್ಯುತ್ ವಿಮಾನ ಯೋಜನೆಯ ಬ್ಯಾಟರಿ ಮಾಡ್ಯೂಲ್ ಕೂಡ 2016ರ ಪರೀಕ್ಷೆಯಲ್ಲಿ ಇದೇ ರೀತಿ ಸೋತಿತು. ಅದನ್ನು ಹೊಸದಾಗಿ ರೂಪಿಸಿ ಮರುವರ್ಷ ಗೆಲ್ಲಿಸಿದರು. ಆ ವಿಮಾನ ಕೊನೆಗೂ ಹಾರಲಿಲ್ಲ, ಯೋಜನೆ 2023ರಲ್ಲಿ ಮುಗಿಯಿತು. ಆದರೂ ಆ ಪರೀಕ್ಷೆಯ ಪಾಠ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ.

ಚಳಿಯೂ ಬ್ಯಾಟರಿಗೆ ಮಿತ್ರನಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಕಟ್ಟಿಕೊಂಡು ಸೆಲ್ ಹಾಳಾಗುತ್ತದೆ. ಚಳಿನಾಡುಗಳಲ್ಲಿ ಹಾರುವ ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಬೇಕಾಗುತ್ತದೆ.

ನಮ್ಮ ಚಿಂತೆ ಅದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇ-ಹಂಸ ಎಂಬ ಎರಡು ಸೀಟಿನ ವಿದ್ಯುತ್ ತರಬೇತಿ ವಿಮಾನವನ್ನು ರೂಪಿಸಲಿದೆ ಎಂದು 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಸುದ್ದಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಜೊತೆಯಲ್ಲೇ ಕಣ್ಣ ಮುಂದೆ ಬಂದದ್ದು ಕಲಬುರಗಿ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಪೈಲಟ್ ತರಬೇತಿ ನಡೆಯುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಊರು ಅದು, ಕಾದ ಕಾಂಕ್ರೀಟಿನ ಮೇಲೆ ಇನ್ನೂ ಹೆಚ್ಚು. ವಿಮಾನ ಇಳಿದಿದೆ, ಬ್ಯಾಟರಿ 44ರಲ್ಲಿದೆ, ಮುಂದಿನ ವಿದ್ಯಾರ್ಥಿ ಕಾಯುತ್ತಿದ್ದಾನೆ. ಈಗ ಚಾರ್ಜ್ ಮಾಡಬೇಕು, ಚಾರ್ಜ್ ಮಾಡುವುದರಿಂದ ಮತ್ತೆ ಬಿಸಿ. 42 ಡಿಗ್ರಿ ಗಾಳಿ ಎಷ್ಟು ಬೀಸಿದರೂ ಬ್ಯಾಟರಿಯನ್ನು 30ಕ್ಕೆ ಇಳಿಸಲಾರದು. ಅಲ್ಲಿ ಫ್ರಿಜ್ಜಿನಂತಹ ಯಂತ್ರವೇ ಬೇಕು.

ಆ ಯಂತ್ರವನ್ನು ವಿಮಾನ ಹೊರಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಜೋಬಿ ಕಂಪನಿ ತನ್ನ ಏರ್ ಟ್ಯಾಕ್ಸಿಗೆಂದು ರೂಪಿಸಿದ ಚಾರ್ಜರ್ ಕರೆಂಟು ತುಂಬುತ್ತಲೇ ಬ್ಯಾಟರಿಯ ಉಷ್ಣಾಂಶವನ್ನೂ ಹೊರಗಿನಿಂದಲೇ ಹದಕ್ಕೆ ತರುತ್ತದೆ. ತಣಿಸುವ ಭಾರ ನೆಲದಲ್ಲೇ ಉಳಿಯುತ್ತದೆ. ನಮ್ಮ ಹವೆಗೆ ಇದೇ ದಾರಿ ಎಂದು ನಾನು ಬಲವಾಗಿ ನಂಬಿದ್ದೇನೆ. ಇ-ಹಂಸದ ವಿಚಾರ ಬಂದಾಗ ಎಷ್ಟು ನಿಮಿಷ ಹಾರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು, ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯಲ್ಲಿ ಇಳಿದರೆ ಮತ್ತೆ ಹಾರಲು ಎಷ್ಟು ನಿಮಿಷ ಕಾಯಬೇಕು ಎಂದು.