ಅರಮನೆ ನೋಡಲು ಹೋಗಿ ಮೈದಾನ ನೋಡಿದ್ದು

ಬೆಂಗಳೂರು ಅರಮನೆಯ ಕಟ್ಟಡ ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಅಂಬಾವಿಲಾಸವನ್ನು ಕಂಡ ಕಣ್ಣಿಗೆ ಇದು ಯಾರೋ ಸಿರಿವಂತ ಇಂಗ್ಲಿಷರ ಬಂಗಲೆಯಂತೆ ತೋರುತ್ತದೆ. ಇದು ಇಂಗ್ಲೆಂಡಿನ ವಿಂಡ್ಸರ್ ಕೋಟೆಯಂತಿದೆ ಎನ್ನುವ ಮಾತಂತೂ ತೀರ ಉತ್ಪ್ರೇಕ್ಷೆ. ಆದರೆ ಆ ಕಟ್ಟಡದ ಸುತ್ತ ಹಬ್ಬಿರುವ 472 ಎಕರೆ 16 ಗುಂಟೆ ನೆಲ, ಲಾಲ್‌ಬಾಗಿನ ಹೆಚ್ಚುಕಡಿಮೆ ಎರಡರಷ್ಟು ವಿಸ್ತಾರದ ಆ ನೆಲ, ನಗರದ ನಟ್ಟನಡುವೆ ಇನ್ನೂ ಬಯಲಾಗಿಯೇ ಉಳಿದಿರುವುದನ್ನು ಕಂಡು ನಾನು ನಿಜಕ್ಕೂ ಬೆರಗಾದೆ. ಅದು ಹಾಗೆ ಉಳಿದಿರುವುದಕ್ಕೆ ಕಾರಣ ಯಾವ ನಗರ ಯೋಜನೆಯೂ ಅಲ್ಲ, ರಾಜ್ಯ ಸರ್ಕಾರಕ್ಕೂ ಮೈಸೂರಿನ ರಾಜಮನೆತನಕ್ಕೂ ನಡುವೆ ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಎಳೆದಾಡುತ್ತಿರುವ ಒಂದು ದಾವೆ.

ಶಿವಮೊಗ್ಗದಿಂದ ನಾನು ಹೊರಟದ್ದು ಬಂಧುಗಳ ಮಗಳ ಮದುವೆಗೆ. ಆರತಕ್ಷತೆ ಅರಮನೆ ಮೈದಾನದಲ್ಲಿತ್ತು. ಉಳಿದ ಶಾಸ್ತ್ರಗಳನ್ನೂ ನೆಂಟರಿಷ್ಟರ ಮನೆಗಳ ಉಪಚಾರವನ್ನೂ ಇಲ್ಲಿ ವರ್ಣಿಸುವುದಿಲ್ಲ. ಆದರೆ ಈ ಮೈದಾನದ ಮದುವೆಗೆ ಹೋಗುವವರಿಗೆ ಒಂದು ಮಾತು ಹೇಳಲೇಬೇಕು. ಲಗ್ನಪತ್ರಿಕೆಯಲ್ಲಿ ಗೇಟಿನ ಸಂಖ್ಯೆ ಇಲ್ಲದಿದ್ದರೆ ಮನೆಯಿಂದ ಹೊರಡುವ ಮೊದಲೇ ಫೋನು ಮಾಡಿ ಕೇಳಿಕೊಳ್ಳಿ. ನಮ್ಮ ಪತ್ರಿಕೆಯಲ್ಲಿ ಬರೀ 'ಅರಮನೆ ಮೈದಾನ' ಎಂದಿತ್ತು. ಆಟೋದವರು ಬಳ್ಳಾರಿ ರಸ್ತೆಯ ಬದಿಯ ಒಂದು ಗೇಟಿನಲ್ಲಿ ಇಳಿಸಿ ಹೋದರು. ಮದುವೆ ನಡೆಯುತ್ತಿದ್ದದ್ದು ಜಯಮಹಲ್ ರಸ್ತೆಯ ಕಡೆ. ರೇಷ್ಮೆ ಸೀರೆಯುಟ್ಟ ಹೆಂಡತಿ, ನಿದ್ದೆಗಣ್ಣಿನ ಮಗ, ಕೈಯಲ್ಲಿ ಉಡುಗೊರೆಯ ಡಬ್ಬಿ, ಎದುರಿಗೆ ಮೇಖ್ರಿ ವೃತ್ತದ ವಾಹನಸಾಗರ. ಇನ್ನೊಂದು ಆಟೋ ಸಿಕ್ಕುವ ಹೊತ್ತಿಗೆ ಊಟದ ಕೊನೆಯ ಪಂಕ್ತಿ ಎದ್ದಿತ್ತು. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಮರುದಿನ ಒಬ್ಬನೇ ವಸಂತನಗರದ ಕಡೆಯಿಂದ ಅರಮನೆಗೆ ಹೋದೆ. ಟಿಕೆಟ್ಟಿನ ದರ ಕಡಿಮೆಯೇನಲ್ಲ, ಫೋಟೊ ತೆಗೆಯಬೇಕಾದರೆ ಅದಕ್ಕೆ ಬೇರೆ ಶುಲ್ಕ. ಸೆಂಟ್ರಲ್ ಹೈಸ್ಕೂಲಿನ ಮೊದಲ ಮುಖ್ಯೋಪಾಧ್ಯಾಯರಾಗಿದ್ದ ರೆವರೆಂಡ್ ಗ್ಯಾರೆಟ್ ಅವರದ್ದಾಗಿದ್ದ ಈ ಆಸ್ತಿಯನ್ನು 1873ರಲ್ಲಿ, ಹತ್ತು ವರ್ಷದ ಬಾಲಕರಾಗಿದ್ದ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ, ಅವರ ಪಾಲಕರಾಗಿದ್ದ ಬ್ರಿಟಿಷ್ ಅಧಿಕಾರಿಗಳು 40,000 ರೂಪಾಯಿಗೆ ಕೊಂಡರು. ಆಗಿನ್ನೂ ಮೈಸೂರು ಸಂಸ್ಥಾನ ಕಮಿಷನರ್ ಆಡಳಿತದಲ್ಲಿತ್ತು. ಒಡೆಯರಿಗೆ ರಾಜ್ಯ ಮರಳಿ ಬಂದದ್ದು 1881ರಲ್ಲಿ. ಹಣ ಬಾಲಕ ಮಹಾರಾಜರ ಖಾಸಗಿ ನಿಧಿಯದ್ದು ಎಂಬುದೇ ರಾಜಮನೆತನದ ವಾದದ ಬುಡ.

ಮೇಲಿನ ದರ್ಬಾರು ಹಾಲಿನ ಬಣ್ಣದ ಗಾಜಿನ ಕಿಟಕಿಗಳು ಚೆನ್ನಾಗಿವೆ. ಆನೆಯ ಕಾಲನ್ನೇ ಕತ್ತರಿಸಿ ಮಾಡಿದ ಪೀಠಗಳನ್ನು ಕಂಡಾಗ ಮಾತ್ರ ಹೊಟ್ಟೆ ತೊಳಸಿದಂತಾಯಿತು. ನನಗೆ ಹಿಡಿಸಿದ್ದು ಕೆಳಗಿನ ತೆರೆದ ಅಂಗಳ. ಅಲ್ಲಿ ಕಡುನೀಲಿ ಪಿಂಗಾಣಿ ಬಿಲ್ಲೆಗಳನ್ನು ಹೊದಿಸಿದ ಕಲ್ಲಿನ ಆಸನಗಳಿವೆ. ಮಧ್ಯಾಹ್ನದಲ್ಲೂ ಮುಟ್ಟಿದರೆ ತಣ್ಣಗಿರುತ್ತವೆ. ಅಂಥದೊಂದರ ಮೇಲೆ ನನ್ನ ಪಕ್ಕ ಬಂದು ಕುಳಿತವರು ಸರ್ವೇ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಮೊಮ್ಮಕ್ಕಳು ಮೇಲಿನ ಅಂತಸ್ತು ನೋಡಿ ಬರುವವರೆಗೆ ಮಂಡಿನೋವಿನಿಂದಾಗಿ ಕೆಳಗೇ ಉಳಿದಿದ್ದರು.

"ಕಟ್ಟಡ ಏನು ನೋಡ್ತೀರಿ ಸ್ವಾಮಿ, ಹೊರಗಡೆ ನೆಲ ನೋಡಿ. ಕೇಸು ನಡೀತಿರೋದು ಅದರ ಮೇಲೆ" ಎಂದು ಶುರುಮಾಡಿದರು.

ಪತ್ರಿಕೆಯಲ್ಲಿ ಓದಿದ್ದರ ನೆನಪು ನನಗೂ ಇತ್ತು. 1996ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ಅರಮನೆ ಸ್ವಾಧೀನ ಮತ್ತು ವರ್ಗಾವಣೆ ಕಾಯ್ದೆಯನ್ನು ತಂದು, ಕಟ್ಟಡವೂ ಸೇರಿದಂತೆ ಇಡೀ ಆಸ್ತಿಗೆ 11 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿತು. ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿದ ಮೇಲೆ 1997ರಲ್ಲಿ ರಾಜವಂಶಸ್ಥರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು, ಯಥಾಸ್ಥಿತಿ ಕಾಯ್ದುಕೊಳ್ಳುವಂತೆ ಆದೇಶವಾಯಿತು. ಆ ಮೇಲ್ಮನವಿ ಇತ್ಯರ್ಥವಾಗುವ ಮುಂಚೆಯೇ, 2013ರ ಡಿಸೆಂಬರಿನಲ್ಲಿ, ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡರು.

"ಹನ್ನೊಂದು ಕೋಟಿ ಅಂದ್ರೆ ಆ ಕಾಲಕ್ಕೆ ದೊಡ್ಡ ಮೊತ್ತವೇ ಅಲ್ಲವೇ ಸರ್?" ಎಂದೆ.

ಅವರು ನಕ್ಕು, ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ 1,089 ಚದರಡಿ. ಎಲ್ಲವನ್ನೂ ಗುಣಿಸಿ ಭಾಗಿಸಿದರೆ ಚದರಡಿಗೆ ಐದೂವರೆ ರೂಪಾಯಿಯೂ ಬೀಳುವುದಿಲ್ಲ. "ಕಟ್ಟಡ ಪುಕ್ಕಟೆ ಅಂತ ಲೆಕ್ಕ ಇಟ್ಕೊಂಡು ಹೇಳ್ತಿದೀನಿ" ಎಂದು ಸೇರಿಸಿದರು.

ನಂತರ ಅವರು ರಸ್ತೆಯ ಕಥೆಗೆ ಬಂದರು. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳನ್ನು ಅಗಲ ಮಾಡಲು ಈ ಮೈದಾನದ ಅಂಚಿನಲ್ಲಿ 15 ಎಕರೆ 17.5 ಗುಂಟೆ ಬೇಕು. ಅದಕ್ಕೆ ಪ್ರತಿಯಾಗಿ ಟಿಡಿಆರ್ ಕೊಡಬೇಕು, ಅಂದರೆ ಜಮೀನು ಬಿಟ್ಟುಕೊಟ್ಟವರಿಗೆ ನಗದಿನ ಬದಲು ಬೇರೆಡೆ ಹೆಚ್ಚುವರಿ ಕಟ್ಟಡ ಕಟ್ಟುವ, ಅಥವಾ ಕಟ್ಟುವವರಿಗೆ ಮಾರಿಕೊಳ್ಳುವ ಹಕ್ಕಿನ ಪತ್ರ. ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಇಂದಿನ ಮಾರ್ಗಸೂಚಿ ದರದ ಆಧಾರದಲ್ಲಿ ಕೊಡಬೇಕೆಂದಾಗ ಮೊತ್ತ ಮೂರು ಸಾವಿರ ಕೋಟಿ ರೂಪಾಯಿಯನ್ನು ದಾಟಿತು. ಕಾಯ್ದೆಯ ದರ ಹಿಡಿದರೆ ಅದೇ ತುಂಡಿಗೆ ನಲವತ್ತು ಲಕ್ಷವೂ ಆಗದು. ಈ ಹೊರೆಯನ್ನು ತಪ್ಪಿಸಿಕೊಳ್ಳಲು ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಮಾರ್ಚಿನಲ್ಲಿ ಮಸೂದೆಯನ್ನೂ ಅಂಗೀಕರಿಸಿತು. ಮೇ ತಿಂಗಳಲ್ಲಿ ಟಿಡಿಆರ್ ಪತ್ರಗಳನ್ನು ವಾರಸುದಾರರಿಗೆ ಕೊಡಬೇಕೆಂಬ ಆದೇಶ ಬಂದಾಗ ಅದರ ಮರುಪರಿಶೀಲನೆಯನ್ನು ಕೋರಿತು.

"ಸರ್ಕಾರದ ವಾದದಲ್ಲೂ ಹುರುಳಿದೆ" ಎಂದೆ ನಾನು. ರಸ್ತೆಗಾಗಿ ಅಷ್ಟು ಹೊರೆ ಹೊರಬೇಕಾದರೆ ಅದು ಕೊನೆಗೆ ನಮ್ಮಂಥವರ ತೆರಿಗೆಯ ಮೇಲೇ ಅಲ್ಲವೇ ಬೀಳುವುದು, ಕಾಯ್ದೆ ಊರ್ಜಿತವೋ ಅಲ್ಲವೋ ಎಂಬುದು ತೀರ್ಮಾನವಾಗದೆ ಇಂದಿನ ದರವನ್ನು ಕೊಡುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಹಿರಿಯರು ಒಪ್ಪಲಿಲ್ಲ. "ನಾನು ಮೂವತ್ತು ವರ್ಷ ಸರಪಳಿ ಹಿಡಿದೋನು. ಒಬ್ಬ ರೈತನ ಎರಡು ಗುಂಟೆ ಕಾಲುವೆಗೆ ಹೋದ್ರೆ ಅವನು ಇವತ್ತಿನ ಬೆಲೆ ಕೇಳ್ತಾನೆ, ಕೋರ್ಟು ಕೊಡಿಸುತ್ತೆ. ರಾಜರು ಅನ್ನೋ ಒಂದೇ ಕಾರಣಕ್ಕೆ ಇವರಿಗೆ ಬೇರೆ ನ್ಯಾಯವೇ? 1950ರ ಒಪ್ಪಂದದಲ್ಲಿ ಇದು ಅವರ ಖಾಸಗಿ ಆಸ್ತಿ ಅಂತ ಒಪ್ಪಿಕೊಂಡ ಮೇಲೆ ಮುಗೀತು."

"ಆದರೆ ಇಷ್ಟು ಬಯಲು ನಗರಕ್ಕೆ ಉಳಿಯಬೇಕಲ್ಲ ಸರ್?"

"ಉಳೀಬೇಕು ಅಂತ ಕಾಯ್ದೆನೂ ಹೇಳುತ್ತೆ. ಉಳಿಸ್ತಾರೆ ಅಂತ ನಿಮಗೆ ನಂಬಿಕೆ ಇದೆಯೇ?"

ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅಷ್ಟರಲ್ಲಿ ಮೊಮ್ಮಕ್ಕಳು ಮೆಟ್ಟಿಲಿಳಿದು ಬಂದು, "ತಾತ, ಆನೆ ತಲೆ ನೋಡ್ಬಾ" ಎಂದು ಅವರ ಕೈ ಎಳೆದರು.

ಈಗ ಯೋಚಿಸಿದರೆ ಅವರ ಬೆಲೆಯ ವಾದವನ್ನು ನಾನು ಒಪ್ಪುತ್ತೇನೆ, ಅನುಮಾನವನ್ನು ಇನ್ನೂ ಹೆಚ್ಚಾಗಿ ಒಪ್ಪುತ್ತೇನೆ. ಐದು ರೂಪಾಯಿ ಚಿಲ್ಲರೆಯ ದರವನ್ನು ಯಾರ ಜಮೀನಿಗೆ ಹಚ್ಚಿದರೂ ಅದು ಅನ್ಯಾಯವೇ. ಹಾಗೆಂದು, ನಾಳೆ ರಾಜಮನೆತನ ಪೂರ್ತಿ ಗೆದ್ದು ಈ ನೆಲ ನಿವೇಶನಗಳಾಗಿ ಹಂಚಿಹೋದರೂ, ಸರ್ಕಾರ ಗೆದ್ದು ಒಂದೊಂದು ಇಲಾಖೆ ಒಂದೊಂದು ಮೂಲೆ ಹಿಡಿದರೂ ಊರಿಗೆ ಆಗುವ ನಷ್ಟ ಒಂದೇ. ಷಾಮಿಯಾನ ಕಟ್ಟಿ ಬಿಚ್ಚುವ ಮದುವೆಗಳನ್ನು ನಾನು ಮೆಚ್ಚುವವನಲ್ಲ, ಅವುಗಳ ಗದ್ದಲವನ್ನಂತೂ ಸಹಿಸಲಾರೆ. ಆದರೂ ಬಿಚ್ಚಿದ ಮೇಲೆ ಕೆಳಗೆ ಮಣ್ಣು ಇರುತ್ತದೆ.

ದಾವೆಯಲ್ಲಿರುವ ಅಂಚನ್ನು ಕಣ್ಣಾರೆ ನೋಡಬೇಕೆನ್ನುವವರು ಅರಮನೆಯ ಟಿಕೆಟ್ಟಿಗೆ ದುಡ್ಡು ಹಾಕಬೇಕಾಗಿಯೇ ಇಲ್ಲ. ಬೆಳಿಗ್ಗೆ ಏಳರೊಳಗೆ ಮೇಖ್ರಿ ವೃತ್ತದಲ್ಲಿ ಇಳಿದು, ಮೈದಾನದ ಕಾಂಪೌಂಡನ್ನು ಪಕ್ಕದಲ್ಲಿಟ್ಟುಕೊಂಡು ಜಯಮಹಲ್ ರಸ್ತೆಯುದ್ದಕ್ಕೂ ನಡೆದರೆ ಸಾಕು. ಎಂಟು ದಾಟಿದ ಮೇಲೆ ಹೋದರೆ, ರಸ್ತೆ ಅಗಲವಾಗಬೇಕೆಂದು ಸರ್ಕಾರ ಯಾಕೆ ಪಟ್ಟು ಹಿಡಿದಿದೆ ಎಂಬುದೂ ತಿಳಿಯುತ್ತದೆ.