ಮೊಮ್ಮಗಳ ಹೈ ಚೇರ್

ಮೊಮ್ಮಗಳಿಗೆ ಆರು ತಿಂಗಳು ತುಂಬಿ ರಾಗಿ ಸರಿ ಶುರುವಾಗುವ ಹೊತ್ತಿಗೆ, ಮಗುವನ್ನು ಕೂರಿಸಿ ಉಣಿಸುವ, ಮುಂದೆ ಟ್ರೇ ಇರುವ ಎತ್ತರದ ಕುರ್ಚಿ, ಅಂದರೆ ಹೈ ಚೇರ್ ಕೊಳ್ಳಲೆಂದು ಮಗಳೊಡನೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಕಾಲು ನೀಡಿ ಕುಳಿತು, ಮಗುವನ್ನು ಮಲಗಿಸಿಕೊಂಡು ಒಳಲೆಯಲ್ಲಿ ಕುಡಿಸುತ್ತಿದ್ದ ಕಾಲದವಳು ನಾನು. ಆದರೂ ಮಲಗಿಸಿ ತಿನ್ನಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು, ಬೆನ್ನು ನೆಟ್ಟಗಿರಬೇಕು ಎಂದು ಮಕ್ಕಳ ವೈದ್ಯರು ಹೇಳಿದ್ದು ನನಗೂ ಸರಿಯೆನಿಸಿತ್ತು. ಬರೀ ತಿಂಗಳ ಲೆಕ್ಕ ಸಾಲದು, ಕತ್ತು ಚೆನ್ನಾಗಿ ನಿಂತು ತುಸು ಆಸರೆಯಲ್ಲಿ ಮಗು ಕೂರುವಂತಾಗಬೇಕು ಎಂದೂ ಅವರು ತಿಳಿಸಿದ್ದರು.

ಅಂಗಡಿಯ ಹುಡುಗ ಮೆತ್ತೆ, ಚಕ್ರ, ಆಟಿಕೆ ತೂಗುಹಾಕುವ ಸರಳು ಎಲ್ಲವನ್ನೂ ಬಣ್ಣಿಸಿದ. ಮಗಳು ಟ್ರೇ ಕಳಚಿ ಪಕ್ಕಕ್ಕಿಟ್ಟು ಬೆಲ್ಟನ್ನಷ್ಟೇ ನೋಡಿದಳು. ಸೊಂಟಕ್ಕೆ ಮಾತ್ರ ಪಟ್ಟಿಯಿದ್ದ ಕುರ್ಚಿಯನ್ನು ಅಲ್ಲೇ ಬಿಟ್ಟಳು. "ಟ್ರೇ ಇದೆಯಲ್ಲಾ ಮೇಡಂ, ಮಗು ಎಲ್ಲಿ ಬೀಳುತ್ತೆ?" ಎಂದ ಹುಡುಗ. ಮಗು ಜಾರುವುದೇ ಆ ಟ್ರೇಯ ಅಡಿಗೆ. ಸೊಂಟ ಕೆಳಗಿಳಿದು ತಲೆ ಮೇಲುಳಿದರೆ ಕತ್ತು ಟ್ರೇಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ತಡೆಯುವುದು ತೊಡೆಗಳ ನಡುವೆ ಹಾಯ್ದು ಬರುವ ಪಟ್ಟಿ. ಭುಜದ ಪಟ್ಟಿಗಳು ಮಗು ಎದ್ದು ನಿಲ್ಲದಂತೆ ಹಿಡಿಯುತ್ತವೆ. ಕೊನೆಗೆ ಐದು ಕಡೆ ಬಿಗಿಯುವ ಬೆಲ್ಟ್, ಅಗಲವಾಗಿ ಚಾಚಿದ ಕಾಲುಗಳು, ಪಾದವೂರಲು ಮಣೆ ಇದ್ದ, ಐರೋಪ್ಯ ಸುರಕ್ಷತಾ ಮಾನದಂಡ ಇಎನ್ 14988ರ ಗುರುತಿದ್ದ ಕುರ್ಚಿಯನ್ನು ಕೊಂಡೆವು. ಮೆತ್ತೆಯ ಅಂದಕ್ಕೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಅಚ್ಚರಿ. ವಾರದೊಳಗೆ ಅದು ರಾಗಿಯ ಬಣ್ಣಕ್ಕೆ ತಿರುಗಿರುತ್ತದೆ.

ಮನೆಗೆ ತಂದ ಮೇಲೆ ಅದನ್ನು ಎಲ್ಲಿಡುವುದೆಂಬುದೇ ದೊಡ್ಡ ಚರ್ಚೆಯಾಯಿತು. ಊಟದ ಮೇಜಿಗೆ ಒತ್ತಿಟ್ಟರೆ ಮಗು ಅಂಗಾಲುಗಳನ್ನು ಮೇಜಿನ ಅಂಚಿಗೆ ಕೊಟ್ಟು ನೂಕುತ್ತದೆ. ನಮ್ಮವಳು ಮೊದಲ ದಿನವೇ ಹಾಗೆ ಒದ್ದಾಗ ಕುರ್ಚಿಯ ಮುಂಗಾಲುಗಳು ನೆಲ ಬಿಟ್ಟವು; ಹಿಂದೆಯೇ ನಿಂತಿದ್ದ ಅಳಿಯ ಹಿಡಿದುಕೊಂಡ. ಅಂದಿನಿಂದ ಕುರ್ಚಿಯನ್ನು ಮೇಜು, ಗೋಡೆ, ಬಿಸಿ ಸಾರಿನ ಪಾತ್ರೆ, ಮಿಕ್ಸಿಯ ವೈರು ಎಲ್ಲದರಿಂದಲೂ ದೂರವಿಟ್ಟಿದ್ದೇವೆ.

ಬೆಲ್ಟಿನ ಬಕಲ್‌ನೊಳಗೆ ರಾಗಿ ಸರಿ ಇಳಿದು ಒಣಗಿದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಹಾಕಿದಂತೆ ಕಂಡರೂ ಬಕಲ್ ಕಚ್ಚಿಕೊಂಡಿರುವುದಿಲ್ಲ. ಆದ್ದರಿಂದ ಪ್ರತಿ ಊಟದ ನಂತರ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಮುಂದಿನ ಸಲ ಟಕ್ಕೆಂಬ ಸದ್ದು ಕೇಳಿದ ಮೇಲೆಯೇ ಟ್ರೇ ಹಾಕುತ್ತೇವೆ. ನಡುವೆ ಕರೆಗಂಟೆ ಬಾರಿಸಿದರೆ ಮಗುವನ್ನು ಕುರ್ಚಿಯಲ್ಲೇ ಬಿಟ್ಟು ಹೋಗದೆ, ಎಂಜಲು ಕೈಯಲ್ಲೇ ಎತ್ತಿಕೊಂಡು ಬಾಗಿಲು ತೆಗೆಯುತ್ತೇನೆ. ಕೊರಿಯರ್ ಹುಡುಗನ ಪುಸ್ತಕಕ್ಕೂ ಒಮ್ಮೆ ರಾಗಿ ಮೆತ್ತಿದ್ದುಂಟು.